ಹಾವು ಗುರುತಿಸುವುದು ಹೇಗೆ, ಹಾವಿನ ಹವ್ಯಾಸವನ್ನು ಹೊಣೆಯಿಂದ ಬೆಳೆಸುವುದು ಹೇಗೆ: ಕರ್ನಾಟಕದವರಿಗೊಂದು ಸಮಗ್ರ ಮಾರ್ಗದರ್ಶಿ

ಹಾವಿನ ಹುಚ್ಚು ಹತ್ತಿದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಗದ್ದೆ ಬದುವಿನಲ್ಲಿ ಸಿಕ್ಕ ಕೇರೆ ಮರಿಯನ್ನು ತಂದು ಸಾಕಬಹುದಾ?’ ಸಾಕುವಂತಿಲ್ಲ. ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಷ ಇರಲಿ ಇಲ್ಲದಿರಲಿ. ಹಾಗೆಂದು ಹವ್ಯಾಸವನ್ನೇ ಬಿಡಬೇಕಾಗಿಲ್ಲ. ಹಾವನ್ನು ಅದರ ಜಾಗದಲ್ಲೇ ನೋಡಿ ಗುರುತಿಸುವುದು, ದಾಖಲಿಸುವುದು, ನಿಮ್ಮ ತೋಟದಲ್ಲಿ ಅದು ಬದುಕುವುದಕ್ಕೆ ಜಾಗ ಬಿಡುವುದು, ಇಷ್ಟನ್ನು ಸರಿಯಾಗಿ ಮಾಡುವುದಕ್ಕೇ ಜೀವಮಾನ ಸಾಲದು. ಸಾಕಲೇಬೇಕು ಎನ್ನುವವರಿಗೆ ಕಾನೂನಿನ ಒಳಗೆ ಇರುವ ಒಂದೇ ದಾರಿಯ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಹಂತ 1: ಕಾನೂನು ತಿಳಿದುಕೊಳ್ಳಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಹಿಡಿಯಲು ಯತ್ನಿಸುವುದೂ ಬೇಟೆಯೇ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಹೆಬ್ಬಾವು, ಕಾಳಿಂಗ ಸರ್ಪದ ಜೊತೆಗೆ ನಾಗರಹಾವು, ಕೊಳಕುಮಂಡಲ, ಕೇರೆ ಕೂಡ ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪೆಸಗಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ‘ಎರಡು ತಲೆ ಹಾವು’ ಮನೆಗೆ ಅದೃಷ್ಟ ತರುತ್ತದೆ, ಕೋಟಿಗಟ್ಟಲೆ ಬೆಲೆ ಬಾಳುತ್ತದೆ ಎಂದು ನಂಬಿ ಜೈಲು ಸೇರಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅದೊಂದು ಬಡಪಾಯಿ ಹಾವು. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ, ಅಷ್ಟೆ. ವಿಷ ಇಲ್ಲ, ಮಣ್ಣಿನೊಳಗೆ ಇಲಿ ಹಿಡಿದು ಬದುಕುತ್ತದೆ.

ವಿಷ ತೆಗೆಯುವ ಕೆಲಸಕ್ಕೆ ಹಾವು ಹಿಡಿಯಲು ಅನುಮತಿ ಪಡೆದವರೂ ಇದ್ದಾರೆ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಹಾವು ಹಿಡಿಯುವ ಕಸುಬಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿದ ಸಹಕಾರ ಸಂಘ ಅಂಥದ್ದು. ನಮ್ಮ ಆಸ್ಪತ್ರೆಗಳಿಗೆ ಬರುವ ಪ್ರತಿವಿಷದ ಬಹುಪಾಲು ಅವರು ಹಿಡಿದ ಹಾವಿನ ವಿಷದಿಂದಲೇ ತಯಾರಾಗುತ್ತದೆ. ಅದು ತಲೆಮಾರುಗಳ ಕಸುಬು, ವಿಡಿಯೊ ನೋಡಿ ಕಲಿಯುವಂಥದ್ದಲ್ಲ.

ಕಾನೂನು ಬದಿಗಿಟ್ಟರೂ ಕಾಡಿನ ಹಾವು ಡಬ್ಬಿಯಲ್ಲಿ ಬಾಳುವುದಿಲ್ಲ. ಕೇರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಹೊರಬರಲು ಮೂತಿಯನ್ನು ಗಾಜಿಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ, ಮೇವು ಬಿಡುತ್ತದೆ. ಬಾಯಿ ಹುಣ್ಣಾಗುತ್ತದೆ, ಮೈಗೆ ಉಣ್ಣೆ ಹತ್ತುತ್ತದೆ. ಅದನ್ನು ಪ್ರೀತಿ ಎಂದು ಕರೆಯಲು ನನ್ನಿಂದಾಗದು.

ಹಂತ 2: ಮೊದಲು ನಾಲ್ಕನ್ನು ಮಾತ್ರ ಕಲಿಯಿರಿ

ನೂರು ಹಾವಿನ ಚಿತ್ರ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಜೀವ ತೆಗೆಯುವ ಕಡಿತಗಳಲ್ಲಿ ಬಹುಪಾಲು ನಾಲ್ಕು ಹಾವುಗಳವು. ಇವುಗಳ ಚಹರೆ ಮನೆಮಂದಿಯ ಮುಖದಷ್ಟು ಪರಿಚಯವಾಗಬೇಕು.

ನಾಗರಹಾವು: ಹೆಡೆ ಬಿಚ್ಚಿದರೆ ಯಾರಿಗೂ ಅನುಮಾನ ಬಾರದು. ತೊಂದರೆ ಇರುವುದು ಹೆಡೆ ಮಡಚಿಕೊಂಡು ಹರಿಯುವಾಗ. ಆಗ ಗಂಟಲಿನ ಕೆಳಗೆ ನೋಡಿ, ಅಗಲವಾದ ಕಪ್ಪು ಪಟ್ಟಿ ಒಂದೋ ಎರಡೋ ಕಾಣುತ್ತದೆ. ಹೆಡೆಯ ಹಿಂದಿನ ಕನ್ನಡಕದ ಗುರುತು ಎಲ್ಲ ನಾಗರದಲ್ಲೂ ಇರುವುದಿಲ್ಲ, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಕಟ್ಟುಹಾವು, ಕರಾವಳಿ ಕಡೆ ಕಡಂಬಳ: ಎಣ್ಣೆ ಹಚ್ಚಿದಂಥ ಹೊಳಪಿನ ಕಪ್ಪು ಮೈ, ಅಡ್ಡಡ್ಡ ತೆಳು ಬಿಳಿ ಗೆರೆಗಳು. ರಾತ್ರಿ ಸಂಚಾರಿ. ಹಗಲಲ್ಲಿ ಕೆಣಕಿದರೂ ತಲೆ ಬಚ್ಚಿಟ್ಟುಕೊಂಡು ಸುರುಳಿಯಾಗುತ್ತದೆ. ಆ ಸೌಮ್ಯತೆಯನ್ನು ನೋಡಿ ಯಾರೂ ಮೋಸ ಹೋಗಬಾರದು.

ಕೊಳಕುಮಂಡಲ, ಕೆಲವು ಕಡೆ ಕನ್ನಡಿ ಹಾವು: ದಪ್ಪ ಮೈ, ಬೆನ್ನ ಮೇಲೆ ಮೂರು ಸಾಲು ಕಂದು ಬಣ್ಣದ ಮಚ್ಚೆ, ಪ್ರತಿ ಮಚ್ಚೆಗೂ ಕಪ್ಪು ಅಂಚು. ಮೈ ಒರಟು. ಕುಕ್ಕರ್ ಸೀಟಿಗೆ ಮುಂಚಿನ ಸದ್ದಿನಂತೆ ಜೋರಾಗಿ ಬುಸುಗುಡುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದೇ ಬಾರಿಗೆ ಇಪ್ಪತ್ತು, ಮೂವತ್ತು ಮರಿಗಳೂ ಹುಟ್ಟಬಹುದು. ಮಳೆಗಾಲದ ಆರಂಭದಲ್ಲಿ ಹೊಲದಲ್ಲಿ ಮರಿಗಳೇ ಸಿಗುವುದು ಇದಕ್ಕೇ.

ಗರಗಸ ಮಂಡಲ: ಮೊಳದ ಆಸುಪಾಸಿನ ಪುಟ್ಟ ಹಾವು, ಬಯಲುಸೀಮೆಯ ಕಲ್ಲುನೆಲ, ಕುರುಚಲು ಕಾಡಿನದು. ತಲೆಯ ಮೇಲೆ ಬಾಣದಂಥ ಬಿಳಿ ಗುರುತು. ಸಿಟ್ಟಾದರೆ ಮೈಯನ್ನು ಸುರುಳಿ ಸುತ್ತಿ ಹುರುಪೆಗೆ ಹುರುಪೆ ಉಜ್ಜಿ ಕರಕರ ಸದ್ದು ಮಾಡುತ್ತದೆ. ಸಣ್ಣದು ಎಂದು ಕಡೆಗಣಿಸಬೇಡಿ.

ಮಲೆನಾಡಿನವರು ಇವುಗಳ ಜೊತೆ ಗುಳಿಮಂಡಲಗಳನ್ನೂ ಕಾಳಿಂಗವನ್ನೂ ಸೇರಿಸಿಕೊಳ್ಳಬೇಕು. ಗುಳಿಮಂಡಲಗಳಲ್ಲಿ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ ಇರುತ್ತದೆ. ಬಿಸಿರಕ್ತದ ಬೇಟೆಯ ಶಾಖವನ್ನು ಅದು ಗುಳಿಯಿಂದಲೇ ಗ್ರಹಿಸುತ್ತದೆ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಬೇರೆಯೇ ಪ್ರಭೇದವೆಂದು ವಿಂಗಡಿಸಿ, ಕನ್ನಡದ ಹೆಸರನ್ನೇ ತೆಗೆದುಕೊಂಡು ‘ಒಫಿಯೊಫೇಗಸ್ ಕಾಳಿಂಗ’ ಎಂದು ಕರೆದಿದ್ದಾರೆ.

ಹಂತ 3: ಒಂದನ್ನೊಂದು ಹೋಲುವ ಜೋಡಿಗಳು

ಗುರುತಿಸುವ ಕಲೆಯೆಲ್ಲ ಇರುವುದು ಇಲ್ಲೇ. ತಪ್ಪಾಗುವುದೂ ಇಲ್ಲೇ. ‘ತಲೆ ತ್ರಿಕೋನ ಇದ್ದರೆ ವಿಷದ ಹಾವು’ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನಾಗರ ಮತ್ತು ಕಟ್ಟುಹಾವಿನ ತಲೆ ತ್ರಿಕೋನವಲ್ಲ. ವಿಷವಿಲ್ಲದ ಹೆಬ್ಬಾವಿನ ತಲೆ ತ್ರಿಕೋನ. ಈ ಒಂದು ತಪ್ಪು ನಂಬಿಕೆಯಿಂದ ಎಷ್ಟು ಹಾವು ಸತ್ತಿವೆಯೋ, ಎಷ್ಟು ಜನ ಕಟ್ಟುಹಾವನ್ನು ಬರಿಗೈಯಲ್ಲಿ ಮುಟ್ಟಿದ್ದಾರೋ.

ಕಟ್ಟುಹಾವು ಮತ್ತು ತೋಳಹಾವು: ಇದು ಅತ್ಯಂತ ಅಪಾಯದ ಜೋಡಿ. ತೋಳಹಾವು ಗೋಡೆ ಹತ್ತಿ ಹಲ್ಲಿ ಹಿಡಿಯಲು ಮನೆಯೊಳಗೆ ಬರುತ್ತದೆ, ವಿಷವಿಲ್ಲ. ಪಟ್ಟೆ ಎಲ್ಲಿ ಶುರುವಾಗುತ್ತದೆ ನೋಡಿ. ತೋಳಹಾವಿಗೆ ಕುತ್ತಿಗೆಯ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸುತ್ತಾ ಹೋಗುತ್ತದೆ. ಬೆಳೆದ ಕಟ್ಟುಹಾವಿನಲ್ಲಿ ಕುತ್ತಿಗೆಯಿಂದ ಸಾಕಷ್ಟು ಹಿಂದೆ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತದೆ, ಗೆರೆಗಳು ಸಾಮಾನ್ಯವಾಗಿ ಜೋಡಿ ಜೋಡಿ. ತೋಳಹಾವಿನ ಮೈ ಕಂದು, ಪಟ್ಟೆ ಹಳದಿ ಮಿಶ್ರಿತ ಬಿಳಿ, ತಲೆ ಚಪ್ಪಟೆ. ಆದರೆ ಕಟ್ಟುಹಾವಿನ ಮರಿಯಲ್ಲಿ ಪಟ್ಟೆ ತಲೆಯ ಹತ್ತಿರದವರೆಗೂ ಇರಬಹುದು. ಪಕ್ಕಾ ಗುರುತು ಬೇಕಾದರೆ ಬೆನ್ನಿನ ನಟ್ಟನಡುವಿನ ಹುರುಪೆ ಸಾಲು ನೋಡಬೇಕು. ಕಟ್ಟುಹಾವಿಗೆ ಅಲ್ಲಿ ಅಕ್ಕಪಕ್ಕದವುಗಳಿಗಿಂತ ದೊಡ್ಡ, ಷಟ್ಕೋನದ ಹುರುಪೆಗಳು ತಲೆಯಿಂದ ಬಾಲದವರೆಗೆ ಒಂದೇ ಸಾಲಾಗಿ ಇರುತ್ತವೆ. ತೋಳಹಾವಿಗೆ ಎಲ್ಲ ಹುರುಪೆಯೂ ಒಂದೇ ಗಾತ್ರ. ಇದನ್ನು ಕ್ಯಾಮೆರಾದ ಜೂಮ್‌ನಲ್ಲಿ ನೋಡಬೇಕು, ಹತ್ತಿರ ಬಗ್ಗಿ ಅಲ್ಲ. ಅನುಮಾನ ಉಳಿದರೆ ಕಟ್ಟುಹಾವೆಂದೇ ತಿಳಿದು ನಡೆದುಕೊಳ್ಳಿ.

ನಾಗರ ಮತ್ತು ಕೇರೆ: ಕೇರೆಯ ಕಣ್ಣು ದೊಡ್ಡದು, ಕುತ್ತಿಗೆ ಸಪೂರ, ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಬಾಲ ಬಹಳ ಉದ್ದ. ಎರಡು ಮೀಟರ್ ದಾಟುವ ಕೇರೆಗಳು ಅಪರೂಪವಲ್ಲ. ಸಿಕ್ಕಿಬಿದ್ದಾಗ ಕುತ್ತಿಗೆ ಉಬ್ಬಿಸಿ ಗುರ್ ಎನ್ನುತ್ತದೆ, ಆದರೆ ಹೆಡೆ ಇಲ್ಲ. ಕೇರೆ ನಾಗರದ ಜೋಡಿ, ಎರಡೂ ಕೂಡುತ್ತವೆ ಎಂಬ ನಂಬಿಕೆ ಊರೂರಲ್ಲಿದೆ. ಬೇರೆ ಬೇರೆ ಜಾತಿ, ಕೂಡುವುದಿಲ್ಲ. ಹೊಲದಲ್ಲಿ ಎರಡು ಕೇರೆ ಹೆಣೆದುಕೊಂಡು ಎದ್ದು ನಿಂತಿದ್ದರೆ ಅದು ಹೆಚ್ಚಾಗಿ ಎರಡು ಗಂಡುಗಳ ಕಾದಾಟ. ದೂರ ನಿಂತು ನೋಡಿ, ಅಂಥ ನೋಟ ಪದೇ ಪದೇ ಸಿಗದು.

ಕೊಳಕುಮಂಡಲ, ಹೆಬ್ಬಾವಿನ ಮರಿ, ಮಣ್ಣುಮುಕ್ಕ: ಹೆಬ್ಬಾವಿನ ಮರಿ ಎಂದುಕೊಂಡು ಕೊಳಕುಮಂಡಲವನ್ನು ಎತ್ತಿಕೊಂಡು ಕಡಿಸಿಕೊಂಡವರಿದ್ದಾರೆ. ಕೊಳಕುಮಂಡಲದ ಮಚ್ಚೆಗಳು ಒಂದೇ ಆಕಾರ, ಸಾಲು ತಪ್ಪುವುದಿಲ್ಲ. ಹೆಬ್ಬಾವಿನದು ಚದುರಿದ, ಒಂದರಂತೆ ಒಂದಿಲ್ಲದ ದೊಡ್ಡ ಮಚ್ಚೆ, ಮೈ ನುಣುಪು. ಮಣ್ಣುಮುಕ್ಕನ ಬಾಲ ಗಿಡ್ಡ, ಕಣ್ಣು ತೀರಾ ಸಣ್ಣದು, ಮಚ್ಚೆ ಅಂಕುಡೊಂಕು.

ಹಸಿರಾಗಿರುವವು: ಮೂತಿ ಚೂಪಾಗಿ, ಬಳ್ಳಿಯಂತೆ ತೆಳ್ಳಗಿದ್ದು, ಕಣ್ಣಿನ ಪಾಪೆ ಅಡ್ಡಲಾಗಿ ಇದ್ದರೆ ಅದು ಹಸಿರು ಹಾವು. ಕಣ್ಣು ಕುಕ್ಕುತ್ತದೆ ಎಂಬ ಭಯಕ್ಕೆ ಬಲಿಯಾಗುತ್ತಿರುವುದು ಇದೇ. ಅದರ ವಿಷ ಹಲ್ಲಿ, ಕಪ್ಪೆಗೆ ಸಾಕಾಗುವಷ್ಟು ಮಾತ್ರ. ತಲೆ ಅಗಲವಾಗಿ, ಪಾಪೆ ನೆಟ್ಟಗೆ ಸೀಳಿದಂತಿದ್ದು, ಬಿದಿರು ಮೆಳೆಯಲ್ಲೋ ಕಾಫಿ ಗಿಡದಲ್ಲೋ ಅಲ್ಲಾಡದೆ ಕೂತಿದ್ದರೆ ಅದು ಗುಳಿಮಂಡಲ. ಅಲ್ಲಿಂದ ಹಿಂದೆ ಸರಿಯಿರಿ.

ಕೆರೆ, ಬಾವಿ, ಗದ್ದೆಯ ನೀರೊಳ್ಳೆಗೆ ಮೈತುಂಬ ಚೌಕುಳಿ, ಕಣ್ಣಿನ ಕೆಳಗೆ ಎರಡು ಓರೆ ಕಪ್ಪು ಗೆರೆ. ಸಿಟ್ಟಾದರೆ ಕುತ್ತಿಗೆ ಚಪ್ಪಟೆ ಮಾಡಿ ಎತ್ತುವುದರಿಂದ ನಾಗರ ಎಂದು ಹೊಡೆಯುತ್ತಾರೆ. ವಿಷ ಇಲ್ಲ, ಕೋಪ ಮಾತ್ರ ಜಾಸ್ತಿ.

ಹಂತ 4: ಪೊರೆಯಿಂದ ಕಲಿಯಿರಿ

ಹಾವು ನೋಡದೆಯೇ ಹಾವು ಕಲಿಯುವ ಅತ್ಯುತ್ತಮ ದಾರಿ ಇದು. ಕಟ್ಟಿಗೆ ರಾಶಿ, ಕಲ್ಲಿನ ಕಟ್ಟೆ, ಹಂಚಿನ ಸಂದಿಯಲ್ಲಿ ಪೊರೆ ಸಿಕ್ಕರೆ, ಹಾವು ಹತ್ತಿರದಲ್ಲಿಲ್ಲ ಎಂದು ಖಚಿತ ಮಾಡಿಕೊಂಡು, ಕೋಲಿನಿಂದ ಬಯಲಿಗೆ ತಂದು ಫೋಟೊ ತೆಗೆಯಿರಿ. ತಲೆಯ ಭಾಗ ಉಳಿದಿದ್ದರೆ ಕಣ್ಣಿನ ಜಾಗದಲ್ಲಿ ಪಾರದರ್ಶಕವಾದ ಪುಟ್ಟ ಬಟ್ಟಲು ಕಾಣುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಒಂದು ಹುರುಪೆಯೇ, ಪೊರೆಯ ಜೊತೆ ಅದೂ ಕಳಚುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಹುರುಪೆಯ ನಡುವೆ ಏಣು ಇದೆಯೋ ನುಣುಪೋ ತಿಳಿಯುತ್ತದೆ. ಕೊಳಕುಮಂಡಲದ್ದಕ್ಕೆ ಏಣು, ನಾಗರದ್ದು ನುಣುಪು. ಕಟ್ಟುಹಾವಿನ ಷಟ್ಕೋನದ ಸಾಲು ಪೊರೆಯಲ್ಲೂ ಮೂಡಿರುತ್ತದೆ. ಕಳಚುವಾಗ ಹಿಗ್ಗುವುದರಿಂದ ಪೊರೆ ಹಾವಿಗಿಂತ ಉದ್ದ ಇರುತ್ತದೆ, ಅದನ್ನು ಅಳೆದು ಹಾವಿನ ಉದ್ದ ಲೆಕ್ಕ ಹಾಕಬೇಡಿ. ನೋಡಿ ಮುಗಿದ ಮೇಲೆ ಅಲ್ಲೇ ಬಿಡಿ.

ಹಂತ 5: ಹೊರಡುವ ಮುಂಚೆ ಕಡಿತಕ್ಕೆ ಸಿದ್ಧರಾಗಿ

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು ಅಂದಾಜು, ವರ್ಷಕ್ಕೆ ಸರಾಸರಿ 58,000. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಹವ್ಯಾಸಿಗಳಾದ ನಾವು ಈ ಅಂಕಿಯನ್ನು ಮರೆತು ಕಾಡಿಗೆ ಕಾಲಿಡಬಾರದು.

ನೀವು ಹೋಗುವ ಕಡೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವೂ ವೆಂಟಿಲೇಟರ್ ಕೂಡ ಇದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕಡಿದರೆ ಉಂಗುರ, ಬಳೆ, ವಾಚು ಬಿಚ್ಚಿ. ಕಡಿದ ಕೈಕಾಲನ್ನು ಮುರಿದ ಮೂಳೆಗೆ ಮಾಡುವಂತೆ ಪಟ್ಟಿ ಇಟ್ಟು ಅಲುಗದಂತೆ ಮಾಡಿ. 108ಕ್ಕೆ ಕರೆ ಮಾಡಿ, ಕಡಿದ ಹೊತ್ತು ಬರೆದುಕೊಳ್ಳಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪಿನ ರಸ ಕುಡಿಸುವುದು, ಮಂತ್ರ ಹಾಕಿಸಲು ಹೋಗುವುದು ಯಾವುದೂ ಬೇಡ. ಹಾವನ್ನು ಹಿಡಿದು ಆಸ್ಪತ್ರೆಗೆ ಒಯ್ಯಬೇಡಿ. ವೈದ್ಯರು ರೋಗಿಯ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ. ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂದು ನೋಡುವ ಸರಳ ಪರೀಕ್ಷೆಯಿಂದಲೇ ಮಂಡಲದ ವಿಷ ಏರಿದ್ದು ತಿಳಿಯುತ್ತದೆ.

ಎರಡು ವಿಷಯ ಚೆನ್ನಾಗಿ ನೆನಪಿರಲಿ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಡಿದರೆ ಹೆಚ್ಚಾಗಿ ನೋವೇ ಇರದು, ಬಾವೂ ಬಾರದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಶುರುವಾದರೆ ಅದು ಕಡಿತವೇ ಇರಬಹುದು, ತಡಮಾಡುವಂತಿಲ್ಲ. ಮತ್ತೆ, ನಮ್ಮಲ್ಲಿ ಸಿಗುವ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳಿಗಾಗಿ ತಯಾರಾದದ್ದು. ಕಾಳಿಂಗಕ್ಕೂ ಮಲೆನಾಡಿನ ಗುಳಿಮಂಡಲಗಳಿಗೂ ಅದು ತಯಾರಾದದ್ದಲ್ಲ. ಮಲೆನಾಡಿನಲ್ಲಿ ಅಂತರವೇ ನಿಮ್ಮ ಔಷಧಿ.

ಹಂತ 6: ನೋಡಲು ಹೋಗುವುದು

ಆಗುಂಬೆಗೇ ಹೋಗಬೇಕೆಂದಿಲ್ಲ. ನಿಮ್ಮೂರ ಕೆರೆ ಏರಿ, ಗದ್ದೆ ಬದು, ತೋಟದ ಚರಂಡಿ ಸಾಕು. ಮೊದಲ ಮಳೆ ಬಿದ್ದು ಕಪ್ಪೆ ಕೂಗಲು ಶುರುವಾದ ರಾತ್ರಿಗಳು ಒಳ್ಳೆಯವು. ಮಂಡಿಯವರೆಗಿನ ಗಂಬೂಟು, ಪ್ರಖರ ಟಾರ್ಚು, ಜೊತೆಗೊಬ್ಬರು, ಇವು ಇಲ್ಲದೆ ಹೋಗಬೇಡಿ. ಕಾಣದ ಜಾಗಕ್ಕೆ ಕೈ, ಕಾಲು ಹಾಕಬೇಡಿ. ಹಾವಿನ ಉದ್ದದ ಎರಡು ಪಟ್ಟಾದರೂ ದೂರ ನಿಲ್ಲಿ, ಕಾಳಿಂಗ ಆದರೆ ಇನ್ನೂ ದೂರ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಫೋಟೊಗಾಗಿ ಕೊಕ್ಕೆಯಿಂದ ಎತ್ತುವುದು, ಬಾಲ ಎಳೆಯುವುದು, ಹೆಡೆ ಬಿಚ್ಚಿಸಲು ಕೆಣಕುವುದು, ಇವನ್ನೆಲ್ಲ ಮಾಡುವ ಗುಂಪಿನಿಂದ ದೂರವಿರಿ, ಅವರ ವಿಡಿಯೊಗೆ ಲಕ್ಷಗಟ್ಟಲೆ ವೀಕ್ಷಣೆ ಇದ್ದರೂ. ಬಹಳ ಸಲ ಅಲ್ಲಾಡದೆ ಹತ್ತು ನಿಮಿಷ ಕೂತರೆ ಹಾವು ತನ್ನ ಕೆಲಸ ಮುಂದುವರಿಸುತ್ತದೆ, ಆಗ ಸಿಗುವ ಚಿತ್ರವೇ ಬೇರೆ. ಏಪ್ರಿಲ್‌ನಿಂದ ಮಳೆಗಾಲದವರೆಗೆ ಮಲೆನಾಡಿನಲ್ಲಿ ಒಣ ಎಲೆಯನ್ನು ಗುಡ್ಡೆಹಾಕಿದಂಥ ರಾಶಿ ಕಂಡರೆ ಅದು ಕಾಳಿಂಗದ ಗೂಡಿರಬಹುದು, ಹೆಣ್ಣು ಅಲ್ಲೇ ಕಾವಲಿರುತ್ತದೆ. ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಹಂತ 7: ದಾಖಲೆ

ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೊತ್ತು, ಜಾಗ, ಮಳೆಯೋ ಬಿಸಿಲೋ, ಹಾವು ಏನು ಮಾಡುತ್ತಿತ್ತು, ಅಂದಾಜು ಉದ್ದ, ಇಷ್ಟಿದ್ದರೆ ಸಾಕು. ಫೋಟೊದಲ್ಲಿ ತಲೆಯ ಪಕ್ಕದ ನೋಟ, ತಲೆಯ ಮೇಲ್ಭಾಗ, ನಡುಮೈಯ ವಿನ್ಯಾಸ ಬಂದಿರಲಿ. ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ತಿಳಿದವರು ಗುರುತಿಸಿಕೊಡುತ್ತಾರೆ. ಕಳ್ಳ ವ್ಯಾಪಾರ ನಡೆಯುವ ಹಾವುಗಳ ಜಾಗ ಮಸುಕಾಗುವಂತೆ ಅದರಲ್ಲಿ ಆಯ್ಕೆ ಮಾಡಿ.

ರಸ್ತೆಯಲ್ಲಿ ಸತ್ತವನ್ನೂ ದಾಖಲಿಸಿ. ಎಲ್ಲಿ, ಯಾವ ತಿಂಗಳು ಹೆಚ್ಚು ಸಾಯುತ್ತವೆ ಎಂದು ಒಂದೇ ರಸ್ತೆಯನ್ನು ವರ್ಷಗಟ್ಟಲೆ ಗಮನಿಸಿದ ಹವ್ಯಾಸಿಗೆ ಮಾತ್ರ ಹೇಳಲು ಸಾಧ್ಯ. ಸತ್ತ ಹಾವನ್ನೂ ಕೈಯಿಂದ ಮುಟ್ಟಬೇಡಿ, ತುಂಡಾದ ತಲೆಯೂ ಕಚ್ಚಬಲ್ಲದು.

ಹಂತ 8: ಮನೆಗೆ ಬಂದರೆ

ಕೊಟ್ಟಿಗೆಯಲ್ಲಿ, ಕೋಳಿಗೂಡಲ್ಲಿ ಇಲಿ ಇದ್ದರೆ ಹಾವು ಬಂದೇ ಬರುತ್ತದೆ. ಧಾನ್ಯ ಮುಚ್ಚಿಡಿ, ಬಾಗಿಲಡಿಯ ಸಂದು ಮುಚ್ಚಿ, ಬಚ್ಚಲ ಕೊಳವೆಗೆ ಜಾಲರಿ ಹಾಕಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಬೆಳ್ಳುಳ್ಳಿ, ಫಿನೈಲ್, ಸೀಮೆಎಣ್ಣೆಯಿಂದ ಹಾವು ದೂರ ಹೋಗುವುದಿಲ್ಲ, ಅದರ ಮೈ ಸುಡುತ್ತದಷ್ಟೆ.

ಒಳಗೆ ಬಂದಿದ್ದರೆ ಮಕ್ಕಳು, ನಾಯಿಗಳನ್ನು ಹೊರಗೆ ಕಳಿಸಿ, ಆ ಕೋಣೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ, ಒಬ್ಬರು ದೂರದಿಂದ ಕಣ್ಣಿಟ್ಟಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಿಡಿದವರು ಅದನ್ನು ಆದಷ್ಟು ಹತ್ತಿರದ ಸೂಕ್ತ ಜಾಗದಲ್ಲೇ ಬಿಡುವಂತೆ ಕೇಳಿ. ಆಗುಂಬೆಯಲ್ಲಿ ಕಾಳಿಂಗಕ್ಕೆ ರೇಡಿಯೊ ಅಳವಡಿಸಿ ಗಮನಿಸಿದಾಗ, ಬೇರೆಡೆಗೆ ಒಯ್ದು ಬಿಟ್ಟ ಹಾವು ತನ್ನ ಜಾಗದಲ್ಲೇ ಉಳಿದದ್ದಕ್ಕಿಂತ ಹೆಚ್ಚು ಅಲೆದಾಡಿತ್ತು. ಗೊತ್ತಿಲ್ಲದ ಕಾಡಿಗೆ ‘ಬಿಡುಗಡೆ’ ಮಾಡುವುದು ಹಾವಿಗೆ ಉಪಕಾರವಲ್ಲ.

ತೋಟದ ಒಂದು ಮೂಲೆಯಲ್ಲಿ ಕಲ್ಲು, ಕಟ್ಟಿಗೆ, ಎಲೆಯ ರಾಶಿಯನ್ನು ಮನೆಯಿಂದ ದೂರ ಹಾಗೇ ಬಿಡಿ. ಕೇರೆ ಅಲ್ಲಿ ನೆಲೆಯಾದರೆ ಇಲಿ ಪಾಷಾಣದ ಖರ್ಚು ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಹಾವು ಸಾಕುವುದು ಅಂದರೆ ಇದೇ.

ಹಂತ 9: ಆದರೂ ಸಾಕಬೇಕೆಂದರೆ

ಉಳಿದಿರುವುದು ವಿದೇಶಿ ಜಾತಿಯ, ವಿಷವಿಲ್ಲದ, ಸಾಕಣೆಯಲ್ಲೇ ಹುಟ್ಟಿದ ಹಾವು. ಹೆಚ್ಚು ಜನ ಇಡುವುದು ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಎಂಬ ಹೆಬ್ಬಾವು. ಅದು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ, ಮರಿಯಾದರೆ, ಸತ್ತರೆ ತಿಳಿಸಬೇಕು. ಮಾರುವವರು ಕಾಗದಪತ್ರ ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಾಡಿನಿಂದ ಹಿಡಿದು ಕಳ್ಳದಾರಿಯಲ್ಲಿ ಬಂದ ಹಾವನ್ನು ಕೊಂಡರೆ ಇನ್ನೊಂದನ್ನು ಹಿಡಿಯಲು ದುಡ್ಡು ಕೊಟ್ಟಂತೆ.

ಬೆಳೆದ ಹಾವಿಗೆ ಸುಮಾರು ನಾಲ್ಕಡಿ ಉದ್ದ, ಎರಡಡಿ ಅಗಲದ, ಚಿಲಕ ಹಾಕಬಲ್ಲ ಪೆಟ್ಟಿಗೆ ಬೇಕು. ಒಂದು ತುದಿ 31–33 ಡಿಗ್ರಿ, ಇನ್ನೊಂದು ತುದಿ 25–27 ಡಿಗ್ರಿ ಇದ್ದರೆ ಹಾವು ತನಗೆ ಹಿತವಾದ ಕಡೆ ಸರಿದುಕೊಳ್ಳುತ್ತದೆ. ಎರಡೂ ಕಡೆ ಅಡಗಲು ಗೂಡಿರಲಿ, ಸದಾ ಶುದ್ಧ ನೀರಿರಲಿ. ಬಿಸಿ ಮಾಡುವ ಸಾಧನಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ. ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಬೇಕೇ ಬೇಕು. ಜೀವಂತ ಇಲಿ ಹಾಕಬೇಡಿ, ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಫ್ರೀಜರ್‌ನಲ್ಲಿಟ್ಟದ್ದನ್ನು ಕರಗಿಸಿ, ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಕೊಡಿ. ಬೆಳೆದ ಹಾವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ತಿಂಗಳುಗಟ್ಟಲೆ ಉಪವಾಸ ಇರುವುದು ಈ ಜಾತಿಗೆ ಹೊಸದಲ್ಲ, ಆದರೆ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಕೊಳ್ಳುವ ಮುಂಚೆಯೇ ಸರೀಸೃಪ ನೋಡಬಲ್ಲ ಪಶುವೈದ್ಯರು ನಿಮ್ಮೂರಲ್ಲಿ ಇದ್ದಾರೆಯೇ ಎಂದು ಕೇಳಿ. ಬೆಂಗಳೂರು ಬಿಟ್ಟರೆ ಸಿಗುವುದು ಕಷ್ಟ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಎಂಬ ರೋಗಾಣು ಅಂಟುವ ಸಾಧ್ಯತೆ ಇದೆ.

ಈ ಹಾವು ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ನಿಮ್ಮ ಓದು, ಕೆಲಸ, ಮದುವೆ, ಮನೆ ಬದಲಾವಣೆ ಎಲ್ಲದರಲ್ಲೂ ಜೊತೆಗಿರುತ್ತದೆ. ನೋಡಿಕೊಳ್ಳಲಾಗದ ದಿನ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ, ನಿಯಮದ ಪ್ರಕಾರ ಇನ್ನೊಬ್ಬರಿಗೆ ವರ್ಗಾಯಿಸಿ. ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೀಡುಬಿಟ್ಟು, ಅಲ್ಲಿನ ಮಧ್ಯಮ ಗಾತ್ರದ ಸಸ್ತನಿಗಳನ್ನು ಬಹುತೇಕ ಖಾಲಿ ಮಾಡಿವೆ, ಇವತ್ತಿಗೂ ಅಲ್ಲಿ ಹೆಬ್ಬಾವು ಹಿಡಿಯುವ ಕೆಲಸ ಮುಗಿದಿಲ್ಲ.